ನಾಯಕನ ತೋಳುಪಟ್ಟಿ

ಪರ್ರ್ ಎಂದು ಸದ್ದಾಯಿತು. ರಾತ್ರಿ ಹನ್ನೊಂದೂವರೆಯ ಮನೆಯಲ್ಲಿ ಅಷ್ಟು ಸಣ್ಣ ಸದ್ದೂ ಗೋಡೆಯಾಚೆಗೆ ಕೇಳಿಸೀತೇನೋ ಎಂದು ಥೆಲ್ಮಾ ಉಸಿರು ಬಿಗಿಹಿಡಿದಳು. ಪಕ್ಕದ ಮನೆಯ ಟೀವಿ ತನ್ನಷ್ಟಕ್ಕೆ ಮಾತಾಡುತ್ತಲೇ ಇತ್ತು. ತೋಳಿಗೆ ಸುತ್ತಿದ್ದ ಪಟ್ಟಿಯ ವೆಲ್ಕ್ರೋ ಅಂಟನ್ನು ಈ ಸಲ ಮೆಲ್ಲಗೆ, ಎಳೆ ಎಳೆಯಾಗಿ ಬಿಡಿಸಿದಳು.

ಅದನ್ನು ಮನೆಗೆ ತಂದದ್ದು ಹೊಲಿಯುವುದಕ್ಕೆ. ಥಾರ್ನ್‌ಷಾ ಟೌನ್ ಫುಟ್‌ಬಾಲ್ ಕ್ಲಬ್ಬಿನ ಆಟಗಾರರ ಅಂಗಿ, ಚಡ್ಡಿ, ಕಾಲುಚೀಲ ಒಗೆದು, ಒಣಗಿಸಿ, ಶನಿವಾರ ಒಬ್ಬೊಬ್ಬರ ಗೂಟಕ್ಕೂ ನೇತುಹಾಕುವ ಕೆಲಸ ಅವಳದು, ಹತ್ತೊಂಬತ್ತು ವರ್ಷವಾಯಿತು. ಈ ವಾರ ಲೀಗಿನವರು ಎಲ್ಲ ಕ್ಲಬ್ಬುಗಳಿಗೂ ಕಾಮನಬಿಲ್ಲಿನ ಬಣ್ಣದ ತೋಳುಪಟ್ಟಿ ಕಳಿಸಿದ್ದರು. ಗಂಡನ್ನು ಒಲಿದ ಗಂಡಿಗೂ ಹೆಣ್ಣನ್ನು ಒಲಿದ ಹೆಣ್ಣಿಗೂ ಈ ಆಟದಲ್ಲಿ ಜಾಗವಿದೆ ಎಂದು ಸಾರಲು ನಾಯಕರೆಲ್ಲ ಅದನ್ನು ಕಟ್ಟಿಕೊಂಡು ಮೈದಾನಕ್ಕೆ ಇಳಿಯಬೇಕು. ಬಂದ ಪಟ್ಟಿಯ ಅಂಚು ಬಿಚ್ಚಿಕೊಂಡಿತ್ತು. ನೋರೀನಳ ಹೊಲಿಗೆ ಯಂತ್ರದಲ್ಲಿ ಐದು ನಿಮಿಷದ ಕೆಲಸ.

ಗಟ್ಟಿಯಾಯಿತೇ ನೋಡೋಣವೆಂದು ತನ್ನ ತೋಳಿಗೇ ಸುತ್ತಿಕೊಂಡಿದ್ದಳು. ಬಿಚ್ಚಿ, ಮತ್ತೆ ಸುತ್ತಿಕೊಂಡಳು. ಕಿಟಕಿಯ ಪರದೆ ಎಳೆದಿದೆಯೇ ಎಂದು ಎರಡು ಸಲ ನೋಡಿದಳು. ಎದುರಿಗೆ ನೋರೀನಳ ಕುರ್ಚಿ ಇತ್ತು. ಬೆರಳಾಡಿಸಿ ಆಡಿಸಿ ಅದರ ಕೈಗಳ ಬಟ್ಟೆ ಸವೆದಿತ್ತು. ಮೂವತ್ತೊಂದು ವರ್ಷ ಒಂದೇ ಮನೆ, ಒಂದೇ ಮಂಚ, ಮೈದಾನದಲ್ಲಿ ಅಕ್ಕಪಕ್ಕದ ಸೀಟು. ಯಾರಾದರೂ ಕೇಳಿದರೆ, "ನಮ್ಮನೇಲಿ ಬಾಡಿಗೆಗಿದ್ದಾರೆ" ಎನ್ನುತ್ತಿದ್ದಳು ಥೆಲ್ಮಾ. ಒಂದು ಸಲವಾದರೂ ಬೇರೆ ಏನಾದರೂ ಹೇಳು ಎಂದು ನೋರೀನ್ ಕೇಳಿದ್ದುಂಟು. ಆಮೇಲೆ ಕೇಳುವುದನ್ನು ಬಿಟ್ಟಳು. ಎರಡು ಚಳಿಗಾಲದ ಹಿಂದೆ ಅವಳು ತೀರಿಕೊಂಡಾಗ ಕ್ಲಬ್ಬಿನವರು ಸಂತಾಪದ ಕಾರ್ಡನ್ನು ಅವಳ ಅಣ್ಣನ ಮಗನಿಗೆ ಕಳಿಸಿದರು.

ಶನಿವಾರ ಬೆಳಿಗ್ಗೆ ಪಟ್ಟಿಯನ್ನು ಚೀಲಕ್ಕೆ ಹಾಕಿ ಬಾಗಿಲವರೆಗೆ ಹೋದವಳು ಅದನ್ನು ಮತ್ತೆ ಹೊರತೆಗೆದಳು. ಉಣ್ಣೆಯಂಗಿಯ ಒಳಗೆ ತೋಳಿಗೆ ಕಟ್ಟಿ, ಮೇಲೆ ದಪ್ಪ ಕೋಟು ತೊಟ್ಟಳು. ಮೈದಾನಕ್ಕೆ ಏಳು ನಿಮಿಷದ ದಾರಿ. ಏಳೇ ನಿಮಿಷ, ಹೋದೊಡನೆ ಬಿಚ್ಚಿಡುವುದು ಎಂದುಕೊಂಡಳು. ಬ್ರೆಡ್ಡಿನಂಗಡಿಯವ ಒಳಗಿನಿಂದಲೇ ಕೈಯೆತ್ತಿದ. ಇವಳೂ ಎತ್ತಿದಳು, ಪಟ್ಟಿಯಿದ್ದ ಕೈಯನ್ನೇ. ಯಾರಿಗೂ ಏನೂ ಕಾಣುವಂತಿರಲಿಲ್ಲ. ಆದರೂ ಎಂದಿಗಿಂತ ತುಸು ನೆಟ್ಟಗೆ ನಡೆದಳು.

ಹೋಗಿ ನೋಡಿದರೆ ಒಗೆಯುವ ಕೋಣೆಯಲ್ಲಿ ಪೈಪು ಒಡೆದು ಹಿಮ್ಮಡಿ ಮುಳುಗುವಷ್ಟು ನೀರು. ಗೋಲ್‌ಕೀಪರನ ಎರಡೂ ಅಂಗಿ ತೇಲುತ್ತಿದ್ದವು. ಕೋಟು ಬಿಸಾಕಿ ನೀರು ಬಳಿದಳು. ಶಾರ್ಟ್ ಆದೀತೆಂದು ಬಟ್ಟೆ ಒಣಗಿಸುವ ಡ್ರೈಯರಿನ ವೈರು ಕಿತ್ತು ಮೇಲೆ ಕಟ್ಟಿದಳು. ಕಚೇರಿಯ ಹುಡುಗಿಯ ಹತ್ತಿರ ಕೂದಲು ಒಣಗಿಸುವ ಯಂತ್ರ ಬೇಡಿ ತಂದು, ಅಂಗಿಗಳ ಕಂಕುಳಿಗೆ ಬಿಸಿಗಾಳಿ ಹಿಡಿದು ಕೂತಳು. ಕಡೆಯ ಅಂಗಿ ಗೂಟಕ್ಕೆ ಬೀಳುವ ಹೊತ್ತಿಗೆ ಹೊರಗೆ ಜನ ಸೇರಿ ಹಾಡು ಶುರುವಾಗಿತ್ತು. ಕೋಟು ತೊಟ್ಟು ಓಡಿ ಬಂದು ತನ್ನ ಸೀಟಿನಲ್ಲಿ ಕೂತಳು.

ಎಡಕ್ಕೆ ರೋಲಂಡ್, ಬಸ್ ಓಡಿಸಿ ನಿವೃತ್ತನಾದವನು. ಅವನಾಚೆ ಪ್ರಾಥಮಿಕ ಶಾಲೆಯ ಟೀಚರ್ ಜಿಲ್. ಬಲಕ್ಕೆ, ನೋರೀನಳ ಸೀಟಿನಲ್ಲಿ, ಈಗ ಔಷಧಿ ಅಂಗಡಿಯ ತಾಹಿರ್. ತಂಡಗಳು ಸಾಲಾಗಿ ಹೊರಬಂದವು. ಮುಂದೆ ನಾಯಕ ಕೋಜೋ ಅಂಪೋಫೋ. ಅವನ ತೋಳಿನಲ್ಲಿ ಹಳೆಯ ಬಿಳಿ ಪಟ್ಟಿ ಇತ್ತು.

"ನೋಡ್ರಿ ಅಲ್ಲಿ," ಎಂದಳು ಜಿಲ್. "ಹಾಕ್ಕೊಂಡಿಲ್ಲ! ಬೇಕಂತಲೇ ಹಾಕ್ಕೊಂಡಿಲ್ಲ."

ಥೆಲ್ಮಾಳ ಕೈ ತಾನಾಗಿ ಎಡತೋಳಿಗೆ ಹೋಯಿತು. ಕೋಟಿನ ಕೆಳಗೆ, ಉಣ್ಣೆಯ ಕೆಳಗೆ, ಅವಳೇ ಹಾಕಿದ ಹೊಲಿಗೆ ಉಬ್ಬಾಗಿ ಬೆರಳಿಗೆ ಸಿಕ್ಕಿತು.

"ನಂಗೆ ಮೊದ್ಲೇ ಗೊತ್ತಿತ್ತು," ಎಂದ ರೋಲಂಡ್, ಬಾಜಿ ಗೆದ್ದವನಂತೆ. "ಗೋಲು ಹೊಡೆದಾಗೆಲ್ಲ ಮಂಡಿಯೂರಿ ಆಕಾಶ ನೋಡೋನು. ಭಾನುವಾರ ತಪ್ಪದೆ ಚರ್ಚಿಗೆ ಹೋಗೋನು. ಅವನ ನಂಬಿಕೆ ಅವನಿಗೆ, ಬಿಡಮ್ಮ."

"ನಿಮಗೇನ್ರಿ ಗೊತ್ತು ಚರ್ಚು? ಎಷ್ಟು ವರ್ಷ ಆಯ್ತು ಅದರ ಬಾಗ್ಲು ನೋಡಿ?"

"ಮದುವೆ ದಿನ ಹೋಗಿದ್ದೆ. ಅವತ್ತಾಗಿದ್ದು ಸಾಕು ಅಂತ ಮತ್ತೆ ಹೋಗಿಲ್ಲ."

ಹಿಂದಿನ ಸಾಲಿನವರು ನಕ್ಕರು. ಜಿಲ್ ನಗಲಿಲ್ಲ. "ನನ್ನ ಕ್ಲಾಸಲ್ಲಿ ಒಬ್ಳು ಪುಟ್ಟಿ ಇದಾಳೆ, ಇಬ್ರು ಅಮ್ಮಂದಿರು ಅವಳಿಗೆ. ಕೋಜೋ ಅಂದ್ರೆ ಪ್ರಾಣ. ಸೋಮವಾರ ಅವಳಿಗೆ ಏನಂತ ಹೇಳ್ಲಿ ನಾನು?"

"ಆಫ್‌ಸೈಡ್ ಅಂದ್ರೇನು ಅಂತ ಹೇಳ್ಕೊಡು. ಆ ನೆಪದಲ್ಲಿ ನೀನೂ ಕಲೀತೀಯ."

"ಜನರನ್ನ ತಪ್ಪು ಸ್ಟಾಪಲ್ಲಿ ಇಳಿಸ್ಕೊಂಡು ಬದುಕಿದೋರು ನಂಗೆ ಹೇಳ್ಕೊಡ್ತಾರೆ! ತಾಹಿರ್, ನೀವ್ ಹೇಳಿ. ನೀವೂ ನಮಾಜು ರೋಜಾ ಎಲ್ಲ ಮಾಡೋರು. ನೀವಾಗಿದ್ರೆ ಹಾಕ್ಕೊಳ್ತಿದ್ರಾ ಇಲ್ವಾ?"

ತಾಹಿರ್ ತಿನ್ನುತ್ತಿದ್ದ ಬಿಸಿ ಪೈಯನ್ನು ಊದಿದ. "ನಾನಾಗಿದ್ರೆ ಮಂಡಿನೋವು ಅಂತ ರಜಾ ಹಾಕ್ತಿದ್ದೆ," ಎಂದ. ಆಮೇಲೆ ಮೆಲ್ಲಗೆ, ಥೆಲ್ಮಾಳಿಗೆ ಮಾತ್ರ ಕೇಳುವಂತೆ, "ಅವ್ನಿಗೆ ರಜಾನೂ ಇಲ್ಲ, ಪಾಪ," ಎಂದ.

ಕೆಳಗಿನ ಸಾಲಿನಿಂದ ಒಬ್ಬಳು ಎದ್ದುನಿಂತು ಕೂಗಿದಳು: "ನಾಚ್ಕೆ ಆಗ್ಬೇಕು ಕೋಜೋ!" ಅದನ್ನೇ ಕಾಯುತ್ತಿದ್ದವರಂತೆ ಆಚೆ ಮೂಲೆಯ ಗಂಡಸರು ಅವನ ಹೆಸರು ಹಿಡಿದು ಹೊಗಳಿ ಹಾಡತೊಡಗಿದರು. ಹೋದ ತಿಂಗಳು ಸೋತಾಗ ಇದೇ ಬಾಯಿಗಳು ಅವನ ಕಪ್ಪು ಮೈಬಣ್ಣ ಹಿಡಿದು ಬೈದದ್ದನ್ನು ಥೆಲ್ಮಾ ಕೇಳಿದ್ದಳು. ಕೋಜೋ ಈ ಕಡೆಗೂ ನೋಡಲಿಲ್ಲ, ಆ ಕಡೆಗೂ ನೋಡಲಿಲ್ಲ. ಸುಲಭದ ಪಾಸೊಂದನ್ನು ಗೆರೆಯಾಚೆ ಒದ್ದು, ಸೊಂಟದ ಮೇಲೆ ಕೈಯಿಟ್ಟು ನಿಂತ.

ಅದು ನನ್ನ ಹತ್ತಿರ ಇದೆ. ಅಷ್ಟು ಹೇಳಿದರೆ ಸಾಕಿತ್ತು. ನಿನ್ನ ಹತ್ತಿರ ಯಾಕಿದೆ ಎನ್ನುತ್ತಾರೆ. ಹೊಲಿಯಲು ಒಯ್ದಿದ್ದೆ. ಸರಿ, ಎಲ್ಲಿ ಕೊಡು ಎನ್ನುತ್ತಾರೆ. ಆಗ ಈ ಜನರ ನಡುವೆ ಕೋಟು ಬಿಚ್ಚಿ ತೋಳು ಸರಿಸಬೇಕು.

ಅರ್ಧ ಆಟವಾದಾಗ ಎದ್ದು ಹೆಂಗಸರ ಶೌಚಾಲಯಕ್ಕೆ ಹೋದಳು. ಬಿಚ್ಚಿ ಜೇಬಿಗೆ ಹಾಕಿ, ಆಟಗಾರರ ಕೋಣೆಗೆ ಹೋಗಿ ಅವನ ಗೂಟದ ಕೆಳಗಿನ ಡ್ರಾಯರಿನಲ್ಲಿ ಇಟ್ಟುಬಿಡುವುದು ಎಂದುಕೊಂಡಳು. ಚಿಲಕ ಹಾಕಿಕೊಂಡು ವೆಲ್ಕ್ರೋದ ಅಂಚಿಗೆ ಉಗುರು ತಾಗಿಸಿದಳು. ಹೊರಗೆ ಏಳೆಂಟು ಜನ ಸಾಲಿನಲ್ಲಿ ನಿಂತು ಅದನ್ನೇ ಚರ್ಚಿಸುತ್ತಿದ್ದರು. ಪರ್ರ್ ಎನ್ನುವ ಆ ಸದ್ದು ಏನೆಂದು ಅವರಿಗೆ ಹೇಗೆ ಗೊತ್ತಾಗಬೇಕು? ಯಾರಿಗೂ ಗೊತ್ತಾಗುವುದಿಲ್ಲ. ಅಷ್ಟು ತಿಳಿದೂ ಅವಳ ಬೆರಳು ಆಡಲಿಲ್ಲ. ಫ್ಲಶ್ ಎಳೆದು, ಕೈ ತೊಳೆದು, ಪಟ್ಟಿಯ ಸಮೇತ ಸೀಟಿಗೆ ಮರಳಿದಳು.

ಆಟ ಒಂದು-ಒಂದಕ್ಕೆ ಮುಗಿಯಿತು.

ಒಗೆಯುವ ಕೋಣೆಯಲ್ಲಿ ಅವಳು ಒಬ್ಬಳೇ ಪಟ್ಟಿ ಬಿಚ್ಚಿದ ಮರುಗಳಿಗೆಯಲ್ಲೇ ಹೆಜ್ಜೆ ಸಪ್ಪಳವಾಯಿತು. ಉಳಿದವರೆಲ್ಲ ಅಂಗಿಯನ್ನು ನೆಲಕ್ಕೆ ಎಸೆದು ಹೋಗುತ್ತಾರೆ. ಕೋಜೋ ಒಬ್ಬ ಮಾತ್ರ ಮಡಿಸಿ ತಂದುಕೊಡುತ್ತಾನೆ. ಅವನಮ್ಮ ಹಾಗೆ ಕಲಿಸಿದ್ದಾಳಂತೆ.

"ಆಂಟಿ," ಎಂದ. ಕಣ್ಣು ಕೆಂಪಾಗಿತ್ತು.

ಥೆಲ್ಮಾ ಪಟ್ಟಿಯನ್ನು ಅವನ ಮುಂದೆ ಹಿಡಿದಳು. "ಇದು ನನ್ನ ಹತ್ರ ಇತ್ತು ಕಣಪ್ಪ. ಹೊಲಿಯಕ್ಕೆ ತಗೊಂಡಿದ್ದೆ. ಪೈಪಿನ ಗಲಾಟೇಲಿ ನಿನ್ನ ಡ್ರಾಯರಿಗೆ ಇಡೋದು ಮರೆತುಹೋಯ್ತು. ಈಗ್ಲೇ ಹೋಗಿ ಮ್ಯಾನೇಜರಿಗೆ ಹೇಳ್ತೀನಿ. ಎಲ್ರಿಗೂ ಹೇಳ್ಲಿ ಅವ್ರು, ನಿಂದೇನೂ ತಪ್ಪಿಲ್ಲ ಅಂತ."

ಕೋಜೋ ಅದನ್ನು ತೆಗೆದುಕೊಂಡು ಹೆಬ್ಬೆರಳಿನಿಂದ ಹೊಲಿಗೆ ಸವರಿದ. "ಬೆಚ್ಚಗಿದೆ," ಎಂದ.

"ಡ್ರೈಯರಲ್ಲಿತ್ತು."

ಅವನು ಡ್ರೈಯರಿನ ಕಡೆ ತಿರುಗಿದ. ಕಿತ್ತ ವೈರು ಮೇಲೆ ಗಂಟು ಹಾಕಿಕೊಂಡು ನೇತಾಡುತ್ತಿತ್ತು. ಅವನ ಕಣ್ಣು ಅಲ್ಲಿಂದ ಅವಳ ಎಡತೋಳಿನ ನೆರಿಗೆಬಿದ್ದ ಉಣ್ಣೆಗೆ ಬಂದು, ಬೇಗ ನೆಲ ನೋಡಿತು.

"ಯಾರಿಗೂ ಹೇಳ್ಬೇಡಿ ಆಂಟಿ," ಎನ್ನುತ್ತಾ ಬೋರಲು ಹಾಕಿದ್ದ ಬುಟ್ಟಿಯ ಮೇಲೆ ಕೂತ. "ಇಡೀ ವಾರ ಪ್ರಾರ್ಥನೆ ಮಾಡ್ದೆ. ಹಾಕ್ಕೊಂಡ್ರೆ ನಮ್ಮಮ್ಮ ಚರ್ಚಲ್ಲಿ ತಲೆ ಎತ್ತೋ ಹಾಗಿಲ್ಲ. ಹಾಕ್ಕೊಳ್ಳದೆ ಇದ್ರೆ... ಈ ಪಟ್ಟಿ ಯಾರಿಗೋಸ್ಕರಾನೋ ಅಂಥ ಒಬ್ಬ ನಮ್ ತಂಡದಲ್ಲೇ ಇದಾನೆ. ನನ್ ಹತ್ರ ಮಾತ್ರ ಹೇಳ್ಕೊಂಡಿದಾನೆ. ಇವತ್ತು ನನ್ ಮುಖಾನೂ ನೋಡ್ಲಿಲ್ಲ."

"ಅದಕ್ಕೇ ಹೇಳ್ತೀನಿ ಅಂದಿದ್ದು."

"ಡ್ರಾಯರ್ ತೆಗೆದೆ. ಹಳೇದೊಂದೇ ಇತ್ತು. ನಂಗೆ ಹೇಗಾಯ್ತು ಗೊತ್ತಾ? ಎದೆ ಮೇಲಿಂದ ಕಲ್ಲು ಇಳಿಸಿದ ಹಾಗಾಯ್ತು. ಹೊಸದೆಲ್ಲಿ ಆಂಟಿ ಅಂತ ಒಂದು ಮಾತು ಕೇಳ್ಬಹುದಿತ್ತು. ನಾಲ್ಕು ಹೆಜ್ಜೆ ಇಲ್ಲಿಗೆ. ಕೇಳ್ಲಿಲ್ಲ. ಮರೆತಿದ್ದು ನೀವು, ಸರಿ. ಕೇಳದೆ ಇದ್ದಿದ್ದು ನಾನು."

"ಇದ್ದಿದ್ರೆ ಹಾಕ್ಕೊಳ್ತಿದ್ಯಾ?"

"ಗೊತ್ತಿಲ್ಲ," ಎಂದ. ಹೊರಗೆ ಇನ್ನೂ ಯಾರೋ ಅವನ ಹೆಸರು ಹಾಡುತ್ತಿದ್ದರು. "ಅವ್ರಿಗೆಲ್ಲ ಗೊತ್ತು ನೋಡಿ. ನಂಗೇ ಗೊತ್ತಿಲ್ಲ. ನೀವು ಹೇಳ್ಬಿಟ್ರೆ ನಾನು ಸುಲಭವಾಗಿ ಪಾರಾಗ್ತೀನಿ. ಬೇಡ. ಆ ಹುಡುಗನಿಗೆ ಹೇಳ್ಬೇಕಾದ್ದನ್ನ ನಾನೇ ಹೇಳ್ತೀನಿ."

ಅವನು ಎದ್ದು ಪಟ್ಟಿಯನ್ನು ಅವಳ ಅಂಗೈಯಲ್ಲಿಟ್ಟ. ಹೋಗಲಿಲ್ಲ. "ನಿಮಗೇನಾದ್ರೂ ಹೇಳೋದಿತ್ತಾ ಆಂಟಿ? ನಾನು ಕೇಳ್ತೀನಿ."

ಮಾತು ಗಂಟಲು ದಾಟಿ ನಾಲಿಗೆಯ ತುದಿಗೆ ಬಂದಿತ್ತು. ನೋರೀನ್ ನಮ್ಮನೇಲಿ ಬಾಡಿಗೆಗಿರ್ಲಿಲ್ಲ. ಮೂರೇ ಪದ, ಹೇಳಲು ಎಷ್ಟು ಹೊತ್ತು ಬೇಕಿತ್ತು? ಅವನು ಕಾಯುತ್ತಿದ್ದ. ಕೊಳಾಯಿಯ ಕೆಳಗಿಟ್ಟ ಬಕೆಟ್ಟಿಗೆ ಹನಿ ಬೀಳುತ್ತಿತ್ತು.

"ಅಂಗಿ ಕೊಡು," ಎಂದಳು ಥೆಲ್ಮಾ. "ಮಣ್ಣು ಒಣಗಿದ್ರೆ ಹೋಗಲ್ಲ."

ಗೇಟಿನ ಹತ್ತಿರ ರೋಲಂಡ್ ಮತ್ತು ಜಿಲ್ ಇನ್ನೂ ಅದೇ ಜಗಳದಲ್ಲಿದ್ದರು. "ಥೆಲ್ಮಾ, ನೀವಾದ್ರೂ ಹೇಳಿ, ಒಳಗಿನೋರು ನೀವು. ಏನ್ ನಡೀತು?" ಎಂದಳು ಜಿಲ್.

"ನಾನು ಬಟ್ಟೆ ಒಗೆಯೋಳು ಕಣಮ್ಮ. ನಂಗೇನು ಗೊತ್ತಾಗುತ್ತೆ."

"ನೋಡು, ಬುದ್ಧಿ ಇರೋರು ಹೀಗಿರ್ಬೇಕು," ಎಂದ ರೋಲಂಡ್.

ಮನೆಗೆ ಬಂದು ದೀಪ ಹಾಕಿದಳು. ಪ್ರತಿ ಶನಿವಾರ ಈ ಹೊತ್ತಿಗೆ ನೋರೀನಳ ಕುರ್ಚಿಯ ಎದುರು ಕೂತು ಎಲ್ಲವನ್ನೂ ಹೇಳುವುದು ರೂಢಿ: ಯಾರು ಗೋಲು ಹೊಡೆದರು, ರೋಲಂಡ್ ಏನೆಂದು ಕೂಗಿದ, ಪೈಯಲ್ಲಿ ಮಾಂಸ ಎಷ್ಟಿತ್ತು. ಸಣ್ಣದೊಂದನ್ನೂ ಬಿಡುತ್ತಿರಲಿಲ್ಲ.

"ಒಂದು-ಒಂದು," ಎಂದಳು. "ಎರಡನೇ ಅರ್ಧ ಏನೂ ಚೆನ್ನಾಗಿರ್ಲಿಲ್ಲ. ಪೈಪು ಒಡೆದಿತ್ತು."

ಕುರ್ಚಿಯ ಸವೆದ ಕೈ ದೀಪದ ಬೆಳಕಿಗೆ ಹೊಳೆಯುತ್ತಿತ್ತು. ಪಟ್ಟಿಯ ವಿಷಯ ಹೇಳಿದರೆ ಕೋಜೋ ಕೇಳಿದ ಕಡೆಯ ಪ್ರಶ್ನೆಯನ್ನೂ ಹೇಳಬೇಕು, ತಾನು ಕೊಟ್ಟ ಉತ್ತರವನ್ನೂ ಹೇಳಬೇಕು. ಬೇಡ. ಇದು ಯಾರಿಗೂ ಬೇಡ, ನೋರೀನಳಿಗೂ ಬೇಡ ಎಂದು ಥೆಲ್ಮಾ ನಿರ್ಧರಿಸಿದಳು.

ಉಣ್ಣೆಯಂಗಿ ಕಳಚಿದಾಗ ತೋಳಿನ ಸುತ್ತ ಪಟ್ಟಿಯ ಅಂಚಿನ ಗುರುತು ಕೆಂಪಗೆ ಮೂಡಿತ್ತು, ಹೊಲಿಗೆಯ ಒಂದೊಂದು ಚುಕ್ಕೆಯೂ ಬೇರೆ ಬೇರೆಯಾಗಿ. ಅದು ಮಾಯುವವರೆಗೂ ನೋಡುತ್ತಾ ಕೂತಿದ್ದಳು.