ದೇವದಾಸನ ಅಂಗಳದ ಜಲಸಂಧಿ

ದೇವದಾಸನಿಗೆ ಊರ ಚಿಂತೆಯಲ್ಲ, ದೇಶದ ಚಿಂತೆ. ಜರ್ಮನಿಯ ಎರ್ಲಾಂಗೆನ್‌ನ ಕಂಪನಿಯೊಂದರಲ್ಲಿ ಅವನ ಕೆಲಸವೇ ಅದು: ಕಚ್ಚಾ ತೈಲ ಯಾವ ದಾರಿಯಲ್ಲಿ ಬರುತ್ತದೆ, ಎಲ್ಲಿ ಸಿಕ್ಕಿಕೊಳ್ಳಬಹುದು ಎಂದು ನೋಡುವುದು. "ಹೊರಗಿನ ಎಣ್ಣೆ ನಂಬಿದ ದೇಶ ತನ್ನ ಜುಟ್ಟನ್ನು ಯಾವುದೋ ಜಲಸಂಧಿಯ ಕೈಗೆ ಕೊಟ್ಟ ಹಾಗೆ" ಎಂದು ಮನೆಯಲ್ಲೂ ಭಾಷಣ ಬಿಗಿಯುತ್ತಿದ್ದ.

ಆ ವರ್ಷ ಯುದ್ಧ ಶುರುವಾಗಿ, ರಷ್ಯದ ಎಣ್ಣೆ ನಿಲ್ಲುತ್ತದೆಂಬ ಸುದ್ದಿ ಹಬ್ಬಿದ್ದೇ ತಡ, ದೇವದಾಸ ಮೈಕೊಡವಿ ಎದ್ದ. ಹೊಸದಾಗಿ ಬಾಡಿಗೆಗೆ ಹಿಡಿದ ಮನೆಯಲ್ಲಿ ಕೋಣೆ ಬೆಚ್ಚಗಾಗುವುದೂ ನೀರು ಕಾಯುವುದೂ ನೆಲಮಾಳಿಗೆಯ ಟ್ಯಾಂಕಿನ ಎಣ್ಣೆಯಿಂದ. ಹಾಲ್‌ನಲ್ಲೊಂದು ಹಳೆಯ ಒಲೆಯೂ ಇತ್ತು. ಇರಲಿ ಎಂದು ಟ್ರೇಲರ್ ತುಂಬ ಕಟ್ಟಿಗೆ ತರಿಸಿದ. ಮಂಗಳೂರಿನಲ್ಲಿ ಅವನಮ್ಮ ಮಳೆಗಾಲಕ್ಕೆ ಮುಂಚೆ ಒಟ್ಟುತ್ತಿದ್ದ ಹಾಗೆಯೇ, ಮುಂಬಾಗಿಲ ಪಕ್ಕ ಸೂರಿನಡಿ ಗೋಡೆಗೆ ಒತ್ತಿ, ಇಲಿಯೂ ನುಸುಳದಂತೆ ಒಟ್ಟಿದ. ಗೋಡೆಗೆ ಸ್ವಲ್ಪ ಜಾಗ ಬಿಡಿ ಎಂದು ಪಕ್ಕದ ಮನೆಯಾಕೆ ಫ್ರಾವ್ ಕ್ಲೈನ್ ಹೇಳಿದರೂ ಕೇಳಲಿಲ್ಲ.

ಡಿಸೆಂಬರಿನಲ್ಲಿ ಹೆಂಡತಿ ಮೇರಿ ಹೆತ್ತಳು. ಮಗುವನ್ನು ಮೀಯಿಸಲು ಅವಳ ತಾಯಿ ಜೆಸ್ಸಿ ಸೂಟ್‌ಕೇಸ್ ತುಂಬ ತೆಂಗಿನೆಣ್ಣೆ ಹೇರಿಕೊಂಡು ಮಂಗಳೂರಿನಿಂದ ಹೊರಟರು. ಇಲ್ಲಿ ಟ್ಯಾಂಕಿನ ತಳ ಕಾಣುತ್ತಿತ್ತು. ಕೇರಿಯವರೆಲ್ಲ ಸೇರಿ ಹೇಳಿದ್ದ ಎಣ್ಣೆ ಟ್ಯಾಂಕರು ಜೆಸ್ಸಿ ಬರುವ ದಿನವೇ ಬಂತು. ದೇವದಾಸ ಅತ್ತೆಗೆ ಟ್ಯಾಕ್ಸಿ ಹೇಳಿ ಮನೆಯಲ್ಲೇ ಉಳಿದ.

"ಎಣ್ಣೆ ತುಂಬುವ ಬಾಯಿ ಎಲ್ಲಿ?" ಎಂದ ಡ್ರೈವರು.

ದೇವದಾಸ ಕಟ್ಟಿಗೆಯ ರಾಶಿಯತ್ತ ತಿರುಗಿದ. ಬಾಯಿ ಅದರ ಹಿಂದಿನ ಗೋಡೆಯಲ್ಲಿ, ನಟ್ಟನಡುವೆ ಇತ್ತು.

"ಎಂತ ಮಾರಾಯ ನೀನು! ಲೋಕದ ಎಣ್ಣೆಯ ದಾರಿ ಎಲ್ಲ ಗೊತ್ತುಂಟು, ನಮ್ಮ ಮನೆಯದ್ದು ಗೊತ್ತಿಲ್ವಾ?" ಮೇರಿ ಕಿಟಕಿಯಿಂದ ಕೂಗಿದಳು. "ಮಗುವಿಗೆ ಬಿಸಿನೀರು ಎಲ್ಲಿಂದ ತರುದು?"

ಪಕ್ಕದ ಮನೆಗೆ ತುಂಬಿಸುವಷ್ಟರಲ್ಲಿ ಬಾಯಿ ಕಾಣದಿದ್ದರೆ ಹೊರಟೆ, ಇನ್ನು ಜನವರಿಗೇ ಎಂದುಬಿಟ್ಟ ಡ್ರೈವರು. ದೇವದಾಸ ಕೋಟು ಕಿತ್ತೆಸೆದು ಕಟ್ಟಿಗೆಗೆ ಕೈಹಾಕಿದ. ಫ್ರಾವ್ ಕ್ಲೈನ್ "ನಾನು ಹೇಳಿದ್ದೆ" ಎನ್ನುತ್ತಲೇ ಮನೆಚಪ್ಪಲಿಯಲ್ಲೇ ಓಡಿಬಂದರು. ಇಬ್ಬರೂ ಹಿಂದೆಮುಂದೆ ನೋಡದೆ ಎಸೆದದ್ದೇ ಎಸೆದದ್ದು. ಕಡೆಗೂ ಬಾಯಿ ಕಂಡಿತು, ಪೈಪು ಕೂತಿತು, ಎಣ್ಣೆ ಗುಳುಗುಳು ಇಳಿಯಿತು. ದೇವದಾಸನಿಗೆ ಸಂತೋಷಕ್ಕೆ ಅಳುವೇ ಬಂತು.

ಅಷ್ಟರಲ್ಲಿ ಟ್ಯಾಕ್ಸಿ ಬಂತು. ಸೀರೆಯ ಮೇಲೆ ಸ್ವೆಟರ್ ಹಾಕಿದ್ದ ಜೆಸ್ಸಿ ಸೂಟ್‌ಕೇಸಿನೊಂದಿಗೆ ಇಳಿದು ಗೇಟಿನಲ್ಲೇ ನಿಂತರು. ಅಲ್ಲಿಂದ ಬಾಗಿಲ ತನಕ ಸೊಂಟದೆತ್ತರ ಕಟ್ಟಿಗೆ.

"ಅಳಿಯಂದಿರೆ," ಎಂದರು ಅತ್ತೆ, "ಟ್ಯಾಂಕಿನ ಎಣ್ಣೆಗೆ ದಾರಿ ಆಯ್ತು. ಮಗುವಿನ ಎಣ್ಣೆ ಇನ್ನೂ ರಸ್ತೆಯಲ್ಲೇ ಉಂಟಲ್ಲ ಮಾರಾಯ್ರೆ!"