ಹರಿದ ಪುಟದ ಓದು

ಏಳು ಮಕ್ಕಳನ್ನು ಮನೆಯಲ್ಲೇ ಕೂರಿಸಿಕೊಂಡು ಓದಿಸುತ್ತೇನೆಂದು ಹೊರಟವಳಿಗೆ ಮೊದಲು ಬೇಕಾದದ್ದು ವಿದ್ಯೆಯಲ್ಲ, ಗಂಟಲು. ಆ ತಾಯಿಗೆ ಅದು ಧಾರಾಳವಾಗಿತ್ತು. ಅಡುಗೆಮನೆಯಲ್ಲಿ ಹಿಟ್ಟು ನಾದುತ್ತಲೇ ಒಬ್ಬನಿಂದ ಹದಿನೇಳರ ಮಗ್ಗಿ ಒಪ್ಪಿಸಿಕೊಳ್ಳುವಳು, ಇನ್ನೊಬ್ಬನಿಗೆ ಕಾಲು ಅಲ್ಲಾಡಿಸಬೇಡ ಎಂದು ಗದರುವಳು, ಕಂಕುಳಲ್ಲಿದ್ದ ಕೂಸಿನ ಬಾಯಿಂದ ರಬ್ಬರಿನ ತುಂಡು ಕಿತ್ತು ಬಿಸಾಡುವಳು. ಗಂಡ ಬಸ್ಸಿನ ಡ್ರೈವರು. ಬೆಳಗ್ಗೆ ಐದಕ್ಕೆ ಹೋದರೆ ಸಂಜೆ ಏಳಕ್ಕೆ ಬರುವವನು. ಮಕ್ಕಳ ವಿದ್ಯಾಭ್ಯಾಸಕ್ಕೆ ಅವನ ಕೊಡುಗೆ ಏನಪ್ಪಾ ಅಂದರೆ ಭಾನುವಾರ ಕೂತು ಎಲ್ಲರ ಪೆನ್ಸಿಲು ಚೂಪು ಮಾಡುವುದು. ಅದನ್ನಾದರೂ ಮಾಡುತ್ತಿದ್ದನಲ್ಲ, ಪುಣ್ಯಾತ್ಮ.

ಏಳು ಜನಕ್ಕೂ ಒಬ್ಬಳೇ ಹೇಳಿಕೊಡುವುದು ಆಗಹೋಗದ ಮಾತು. ಅದಕ್ಕೇ ಅವಳು ಒಂದು ಏಣಿ ಹಾಕಿದ್ದಳು. ದೊಡ್ಡವಳು ಎರಡನೆಯವನಿಗೆ ಹೇಳಿಕೊಡಬೇಕು, ಎರಡನೆಯವನು ಮೂರನೆಯವನಿಗೆ, ಮೂರನೆಯವನು ನಾಲ್ಕನೆಯವಳಿಗೆ. ಪುಸ್ತಕಗಳೂ ಅಷ್ಟೇ, ಇದ್ದದ್ದು ಒಂದೇ ಸೆಟ್ಟು. ಒಬ್ಬರು ಮುಗಿಸಿದ್ದು ಇನ್ನೊಬ್ಬರ ಕೈಗೆ ಇಳಿದು ಬರುತ್ತಿತ್ತು, ಅಂಗಿ ಚಡ್ಡಿಗಳು ಬಂದ ಹಾಗೆ. ಎಲ್ಲರೂ ಹಜಾರದ ಒಂದೇ ಉದ್ದ ಮೇಜಿನ ಸುತ್ತ ಕೂತು ಗಟ್ಟಿಯಾಗಿ ಓದುವುದು. ಬಂದವರಿಗೆಲ್ಲ ತಾಯಿ ಈ ಏಣಿಯ ವಿಷಯ ಹೇಳಿಕೊಂಡು ಬೀಗುತ್ತಿದ್ದಳು.

ಈ ರಗಳೆಯೆಲ್ಲ ಯಾಕೆ, ಶಾಲೆಗೆ ಕಳಿಸಬಾರದೇ ಎಂದರೆ ಅದಕ್ಕೆ ಕಾರಣ ದೊಡ್ಡವಳು. ಅವಳಿಗೆ ಮಾತು ತೊದಲುತ್ತಿತ್ತು. ಹತ್ತು ವರ್ಷದವಳಿದ್ದಾಗ ತರಗತಿಯಲ್ಲಿ ಅವಳನ್ನು ಬೆಂಚಿನ ಮೇಲೆ ನಿಲ್ಲಿಸಿ, ಒಂದೇ ಒಂದು ಪದವನ್ನು ಸರಿಯಾಗಿ ಬರುವವರೆಗೆ ಹೇಳು ಎಂದರಂತೆ. ಅರ್ಧ ಗಂಟೆ ಹೇಳಿದಳು. ನಲವತ್ತು ಮಕ್ಕಳು ಅರ್ಧ ಗಂಟೆ ನಕ್ಕರು. ಅವತ್ತಿನಿಂದ ಮೂರು ವರ್ಷ ಆ ಹುಡುಗಿ ಹೊರಗಿನವರ ಮುಂದೆ ತುಟಿ ಪಿಟಕ್ಕೆಂದಿಲ್ಲ. ಮನೆಯೊಳಗೆ ಮಾತ್ರ, ತಮ್ಮ ತಂಗಿಯರ ಹತ್ತಿರ, ಮೆಲ್ಲಗೆ ಮಾತಾಡುತ್ತಿದ್ದಳು. ತಾಯಿ ಅದೇ ವಾರ ಶಾಲೆಗೆ ಹೋಗಿ ಎಲ್ಲ ಮಕ್ಕಳ ಹೆಸರು ತೆಗೆಸಿ, ಮನೆಯಲ್ಲೇ ಓದಿಸಲು ಶಿಕ್ಷಣ ಕಚೇರಿಯಿಂದ ಅನುಮತಿ ತಂದಿದ್ದಳು.

ಅನುಮತಿ ಎಂದರೆ ಸುಮ್ಮನೆ ಸಿಗುತ್ತದೆಯೇ? ವರ್ಷಕ್ಕೊಮ್ಮೆ ಕಚೇರಿಯ ಮೇಡಂ ಬಂದು ಎಂಟು ತುಂಬಿದ ಮಕ್ಕಳಲ್ಲಿ ಯಾರನ್ನಾದರೂ ಓದಿಸಿ ನೋಡುತ್ತಾರೆ. ಒಬ್ಬರಿಗೆ ಬರದಿದ್ದರೂ ಅನುಮತಿ ಎಲ್ಲರದ್ದೂ ಹೋಗುತ್ತದೆ. ಈ ಸಲದ ಭೇಟಿ ಶುಕ್ರವಾರ ಹನ್ನೊಂದಕ್ಕೆ. ತಾಯಿಗೆ ಅಂಥ ಹೆದರಿಕೆಯೇನೂ ಇರಲಿಲ್ಲ. ಈ ವರ್ಷ ಎಂಟು ತುಂಬಿದ ನಾಲ್ಕನೆಯವಳಂತೂ ಏಳು ಮಕ್ಕಳಲ್ಲೂ ಚುರುಕು. ಪುಸ್ತಕ ಕೈಗೆ ಕೊಟ್ಟರೆ ಒಂದೇ ಉಸಿರಿಗೆ ಓದುವಳೆಂದು ಮನೆಯವರೆಲ್ಲ ಅವಳನ್ನು ಗಿಣಿ ಎಂದೇ ಕರೆಯುತ್ತಿದ್ದರು. ಕಚೇರಿಗೆ ಕಳಿಸಿದ ವರದಿಯಲ್ಲಿ ಅವಳ ಹೆಸರಿನ ಮುಂದೆ ‘ನಿರರ್ಗಳ’ ಎಂದು ತಾಯಿಯೇ ಬರೆದಿದ್ದಳು.

ಸೋಮವಾರ ಬೆಳಗ್ಗೆ ತಾಯಿ ಒಗೆದ ಬಟ್ಟೆ ಮಡಿಸುತ್ತಿದ್ದಳು. ಎದುರಿಗೆ ಗಿಣಿ ‘ದೋಣಿಗಾರನ ನಾಯಿ’ ಪಾಠ ಓದುತ್ತಿತ್ತು. ದೋಣಿಗಾರನಿಗೆ ಒಂದು ನಾಯಿ ಇತ್ತು. ಅದಕ್ಕೆ ನೀರೆಂದರೆ ಭಯ. ಬೆರಳು ಸಾಲಿನ ಕೆಳಗೆ ಸರಿಯುತ್ತಿತ್ತು, ದನಿ ನೀರು ಹರಿದ ಹಾಗೆ ಹರಿಯುತ್ತಿತ್ತು. ಆ ಪುಟದ ಕೆಳಗಿನ ಅರ್ಧವನ್ನು ಹಿಂದಿನ ವಾರವಷ್ಟೇ ಗಿಣಿಯ ಬೆನ್ನಿಗೆ ಹುಟ್ಟಿದ ಅವಳಿ ಪೋರರು ಹರಿದು ದೋಣಿ ಮಾಡಿ ಬಕೆಟ್ಟಿನಲ್ಲಿ ಬಿಟ್ಟಿದ್ದರು. ಗಿಣಿಯ ಬೆರಳು ಕಾಗದ ದಾಟಿ ಬರಿಯ ಮೇಜಿನ ಮೇಲೆ ಇಳಿಯಿತು. ದನಿ ನಿಲ್ಲಲಿಲ್ಲ. ‘ಎಲ್ಲರೂ ಆಚೆ ದಡ ಸೇರಿದರು. ನಾಯಿ ಮಾತ್ರ ಈಚೆ ದಡದಲ್ಲೇ ಉಳಿಯಿತು.’ ಮರದ ಮೇಲೆ ಬೆರಳಾಡಿಸುತ್ತ ಮಗು ಓದಿಯೇ ಓದಿತು.

ತಾಯಿಯ ಕೈಯಲ್ಲಿದ್ದ ಅಂಗಿ ಹಾಗೇ ಉಳಿಯಿತು. ಎದ್ದು ಹೋಗಿ ಸಾಬೂನಿನ ಪೊಟ್ಟಣ ತಂದು, ಇದನ್ನು ಓದು ಎಂದಳು. ಗಿಣಿ ಪೊಟ್ಟಣ ನೋಡಲಿಲ್ಲ, ತಾಯಿಯ ಮುಖ ನೋಡಿತು. ಯಾವ ಪಾಠ ಇದು ಎಂದು ಕೇಳಿತು. ಆಮೇಲೆ, ಬಹಳ ಸಹಾಯ ಮಾಡುವವಳ ಹಾಗೆ, ತಾನೇ ದಾರಿ ಹೇಳಿಕೊಟ್ಟಿತು. “ಯಾರಾದ್ರೂ ಒಂದ್ಸಲ ಓದಿ ಹೇಳಿ ಅಮ್ಮ. ಆಮೇಲೆ ನಾನು ಓದ್ತೀನಿ.”

ಅಯ್ಯೋ ದೇವರೇ. ದೀಪದ ಬುಡದಲ್ಲೇ ಕತ್ತಲೆ ಎನ್ನುವುದು ಇದಕ್ಕೇ ಇರಬೇಕು. ಅಣ್ಣಂದಿರಿಬ್ಬರು ಅದೇ ಮೇಜಿನಲ್ಲಿ ಅವೇ ಪಾಠಗಳನ್ನು ಒಬ್ಬನಾದ ಮೇಲೊಬ್ಬ ಕಿರುಚಿ ಓದಿದ್ದರು. ನಾಲ್ಕನೆಯದು ಮೇಜಿನ ಕೆಳಗೆ ಗೊಂಬೆ ಆಡುತ್ತಲೇ ಅಷ್ಟನ್ನೂ ಕಿವಿಯಲ್ಲಿ ತುಂಬಿಕೊಂಡಿತ್ತು, ಪುಟ ಎಲ್ಲಿ ತಿರುಗಿಸಬೇಕು ಎನ್ನುವುದನ್ನೂ ಸೇರಿಸಿ.

ಅವಳಿಗೆ ಕಲಿಸಬೇಕಾದವನು ಮೂರನೆಯವನು. ಹತ್ತು ವರ್ಷಕ್ಕೇ ಕಿವಿಗೆ ಪೆನ್ಸಿಲು ಸಿಕ್ಕಿಸಿಕೊಂಡು ಓಡಾಡುವುದರಿಂದ ಅವನಿಗೆ ಮನೆಯಲ್ಲಿ ಮೇಷ್ಟ್ರು ಎಂದೇ ಹೆಸರು. ವಿಚಾರಣೆಗೆ ನಿಲ್ಲಿಸಿದರೆ ಮೇಷ್ಟ್ರು ಜಗ್ಗಲಿಲ್ಲ. ನಾನು ಹೇಳಿಕೊಡುವ ಮೊದಲೇ ಅವಳಿಗೆ ಎಲ್ಲ ಬರುತ್ತಿತ್ತು, ಬರುವುದನ್ನು ಏನು ಹೇಳಿಕೊಡುವುದು ಎಂದ. ಅವನನ್ನು ಬೈಯಲು ತಾಯಿಗೆ ಬಾಯಿ ಬರಲಿಲ್ಲ. ಗಿಣಿಯೇ ಇನ್ನೊಂದು ಮಾತು ಸೇರಿಸಿತು. ಈ ಅಕ್ಷರ ನನಗೆ ಗೊತ್ತಾಗುವುದಿಲ್ಲ ಎಂದು ಅದು ಒಂದು ಸಲ ಅಮ್ಮನ ಹತ್ತಿರ ಹೇಳಿತ್ತಂತೆ. ಮೇಷ್ಟ್ರನ್ನು ಕೇಳು, ನನ್ನ ತಲೆ ತಿನ್ನಬೇಡ ಎಂದಿದ್ದಳಂತೆ ಅಮ್ಮ. ತಾಯಿಗೆ ಅದು ನೆನಪೇ ಇರಲಿಲ್ಲ. ಆ ಮಾತನ್ನು ಅವಳು ದಿನಕ್ಕೆ ಇಪ್ಪತ್ತು ಸಲ ಹೇಳುತ್ತಿದ್ದಳು, ಯಾವ ಒಂದು ಸಲವೆಂದು ನೆನಪಿಡುವುದು?

ಇದ್ದದ್ದು ನಾಲ್ಕು ದಿನ. ಏಣಿ ಬಿದ್ದಿತು, ಮಗ್ಗಿ ನಿಂತಿತು, ಅವಳಿಗಳು ಮನೆಯನ್ನು ತಲೆಕೆಳಗು ಮಾಡಿದರೂ ಕೇಳುವವರಿಲ್ಲ. ತಾಯಿ ತಟ್ಟೆಯಲ್ಲಿ ಹಿಟ್ಟು ಹರಡಿ ಬೆರಳಿನಿಂದ ಬರೆಸಿದಳು, ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದು ಅದರ ಮೇಲೆ ನಡೆಸಿದಳು. ಬೆಳಗ್ಗೆ ಬಂದ ಅಕ್ಷರ ಮಧ್ಯಾಹ್ನಕ್ಕೆ ಮಾಯ. ಗಿಣಿ ಅಕ್ಷರ ನೋಡುತ್ತಲೇ ಇರಲಿಲ್ಲ. ಅಮ್ಮನ ತುಟಿ ನೋಡುತ್ತಿತ್ತು, ಅದು ಯಾವ ಕಡೆ ತಿರುಗುತ್ತದೋ ಅದನ್ನು ಹೇಳುತ್ತಿತ್ತು. ಗುರುವಾರ ಮಧ್ಯಾಹ್ನದ ಹೊತ್ತಿಗೆ ಹನ್ನೊಂದು ಅಕ್ಷರ ಬಂದಿತ್ತು, ಹನ್ನೆರಡನೆಯದಕ್ಕೆ ತಾಯಿ ಕೆನ್ನೆಗೆ ಒಂದು ಬಿಟ್ಟಳು. ಮಗು ಅಳಲಿಲ್ಲ. ಗಾಬರಿಯಿಂದ ‘ದೋಣಿಗಾರನಿಗೆ ಒಂದು ನಾಯಿ ಇತ್ತು’ ಎಂದು ಶುರು ಮಾಡಿಕೊಂಡಿತು. ತಾಯಿ ಬಚ್ಚಲುಮನೆಗೆ ಹೋಗಿ ಬಾಗಿಲು ಹಾಕಿಕೊಂಡು, ನಲ್ಲಿ ಬಿಟ್ಟು, ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು. ದೊಡ್ಡವಳು ಆ ಬೆಂಚಿನ ಮೇಲೆ ನಿಂತಿರುವುದೇ ಕಣ್ಣ ಮುಂದೆ ಬರುತ್ತಿತ್ತು.

ಗಂಡ ಬಂದು ಎಲ್ಲ ಕೇಳಿ, ಹೇಗೋ ಆಗುತ್ತೆ ಬಿಡು ಎಂದ. ಹೇಗೋ ಆಗುವುದು ಹೇಗೆ ಎಂದು ಅವಳು ಆಗಲೇ ನಿರ್ಧರಿಸಿದ್ದಳು. ಮುಳುಗುವವಳಿಗೆ ಹುಲ್ಲುಕಡ್ಡಿ. ಹರಿದ ಪುಟದ ಪುಸ್ತಕವನ್ನು ಅಡುಗೆಮನೆಯಲ್ಲಿ ಹಿಟ್ಟಿನ ಡಬ್ಬದ ಹಿಂದೆ ತಳ್ಳಿದಳು. ಪುಟ ನೆಟ್ಟಗಿದ್ದ ಎರಡು ಪುಸ್ತಕಗಳನ್ನು ಮಾತ್ರ ಮೇಜಿನ ಮೇಲಿಟ್ಟಳು. ಗಿಣಿಯನ್ನು ಹತ್ತಿರ ಕೂರಿಸಿಕೊಂಡು, ನಾಳೆ ಯಾವಾಗಲೂ ಓದುವ ಹಾಗೆಯೇ ಓದು, ಪುಟದ ಮೇಲಿನ ಚಿತ್ರ ನೋಡಿ ಶುರು ಮಾಡು ಎಂದು ಹೇಳಿಕೊಟ್ಟಳು.

“ಆಮೇಲೆ ನಿಜವಾಗ್ಲೂ ಓದೋದು ಹೇಳಿಕೊಡ್ತೀಯಾ?” ಎಂದು ಗಿಣಿ ಕೇಳಿತು.

ಹೂಂ ಎಂದಳು ತಾಯಿ. ಬಾಗಿಲ ಹತ್ತಿರ ದೊಡ್ಡವಳು ಕೂಸನ್ನು ಎತ್ತಿಕೊಂಡು ನಿಂತಿದ್ದಳು.

ಶುಕ್ರವಾರ ಹನ್ನೊಂದಕ್ಕೆ ಸರಿಯಾಗಿ ಮೇಡಂ ಬಂದರು. ಮಂಡಿ ನೋವಿನ, ತಾಳ್ಮೆಯ ವಯಸ್ಸಾದ ಹೆಂಗಸು. ನೀರು ಕುಡಿದು ಸುಧಾರಿಸಿಕೊಂಡು, ಸಾಲಾಗಿ ಕೂತ ಮಕ್ಕಳನ್ನು ನೋಡಿ ನಕ್ಕರು. ದೊಡ್ಡವಳನ್ನು ಏನೂ ಕೇಳಲಿಲ್ಲ, ಅವಳ ವಿಷಯ ಕಾಗದದಲ್ಲಿತ್ತು. ಈ ವರ್ಷ ಹೊಸದಾಗಿ ಎಂಟು ತುಂಬಿದವರು ಯಾರು ಎಂದರು. ತಾಯಿ ಗಿಣಿಯನ್ನು ತೋರಿಸಿದಳು. ಮೇಡಂ ಕೈಚಾಚಿ ಎತ್ತಿಕೊಂಡದ್ದು ಮೇಜಿನ ಮೇಲಿದ್ದ ಪುಸ್ತಕವನ್ನೇ. ತೆರೆದು ಕೊಟ್ಟದ್ದು ಚಿತ್ರವಿದ್ದ ಪುಟವನ್ನೇ. ಗಿಣಿ ಓದಿತು. ಅಲ್ಪವಿರಾಮಕ್ಕೆ ನಿಂತು, ಪ್ರಶ್ನೆಗೆ ದನಿ ಏರಿಸಿ, ಸರಿಯಾದ ಜಾಗದಲ್ಲಿ ಪುಟ ತಿರುಗಿಸಿ ಓದಿತು. ಮೇಡಂ ಇನ್ನೆರಡು ಕಡೆ ತೆರೆದು ಕೊಟ್ಟರು. ಅದೂ ಆಯಿತು. ಇಷ್ಟು ಚೆನ್ನಾಗಿ ಓದುವ ಮಗುವನ್ನು ಈ ವರ್ಷ ಯಾವ ಮನೆಯಲ್ಲೂ ನೋಡಿಲ್ಲ ಎಂದು ಬೆನ್ನು ತಟ್ಟಿ, ಚೀಲದಿಂದ ಅನುಮತಿಯ ಹಾಳೆ ತೆಗೆದು ಪೆನ್ನಿನ ಕ್ಯಾಪು ಬಿಚ್ಚಿದರು.

ದೊಡ್ಡವಳು ಎದ್ದು ಅಡುಗೆಮನೆಗೆ ಹೋದಳು. ಮೇಡಂಗೆ ಇನ್ನೊಂದು ಲೋಟ ನೀರು ತರಲು ಹೋಗಿರಬೇಕು ಎಂದುಕೊಂಡಳು ತಾಯಿ. ಜಾಣೆ ಎಂದೂ ಅಂದುಕೊಂಡಳು. ಹುಡುಗಿ ಬಂದಾಗ ಕೈಯಲ್ಲಿದ್ದದ್ದು ಹಿಟ್ಟು ಮೆತ್ತಿದ ಪುಸ್ತಕ. ಅದನ್ನು ಹರಿದ ಪುಟಕ್ಕೆ ತೆರೆದು ತಂಗಿಯ ತೊಡೆಯ ಮೇಲಿಟ್ಟು, ಓದು ಎಂದು ಪಿಸುಗುಟ್ಟಿದಳು. ಹೊಗಳಿಸಿಕೊಂಡು ಉಬ್ಬಿದ್ದ ಗಿಣಿಗೆ ಇನ್ನೇನು ಬೇಕು? ಓದಿತು. ಬೆರಳು ಕಾಗದ ಮುಗಿಸಿ ತನ್ನ ಫ್ರಾಕಿನ ಹೂವುಗಳ ಮೇಲೆ ಇಳಿಯಿತು. ನಾಯಿ ಮಾತ್ರ ಈಚೆ ದಡದಲ್ಲೇ ಉಳಿಯಿತು ಎಂದು ಓದಿ ಮುಗಿಸಿ ತಲೆಯೆತ್ತಿತು.

ಮೇಡಂ ಪೆನ್ನನ್ನು ಹಾಳೆಗೆ ಮುಟ್ಟಿಸಲಿಲ್ಲ. ಹರಿದ ಅಂಚನ್ನು ನೋಡಿದರು, ಮಗುವನ್ನು ನೋಡಿದರು. ಆಗ ದೊಡ್ಡವಳು ಬಾಯಿ ತೆರೆದಳು. ಮೂರು ವರ್ಷದ ಮೇಲೆ, ಹೊರಗಿನವರ ಮುಂದೆ. ಕತ್ತಿನ ನರ ಉಬ್ಬಿಬಂತು.

“ಇ... ಇವಳಿಗೆ ಓ... ಓದೋಕೆ ಬರಲ್ಲ ಮೇಡಂ. ಎಲ್ಲಾ ಕೇಳಿ ಕಲ್ತಿದ್ದು.”

ಯಾರೂ ನಗಲಿಲ್ಲ. ಮೇಡಂ ಪೆನ್ನಿನ ಕ್ಯಾಪು ಹಾಕಿದರು. ಕಂಡದ್ದನ್ನು ಬರೆಯದೆ ನನಗೆ ವಿಧಿಯಿಲ್ಲಮ್ಮ ಎಂದರು, ದನಿಯಲ್ಲಿ ಸಿಟ್ಟಿರಲಿಲ್ಲ. ಹದಿನೈದು ದಿನದೊಳಗೆ ಕಚೇರಿಯಿಂದ ಪತ್ರ ಬರುತ್ತದೆ, ಕೂಸನ್ನು ಬಿಟ್ಟು ಮಿಕ್ಕ ಆರೂ ಮಕ್ಕಳನ್ನು ಶಾಲೆಗೆ ಸೇರಿಸಬೇಕಾಗುತ್ತದೆ ಎಂದು ತಿಳಿಸಿ, ಮಂಡಿ ಹಿಡಿದುಕೊಂಡು ಮೆಟ್ಟಿಲಿಳಿದು ಹೋದರು.

ತಾಯಿ ಬಾಗಿಲು ಮುಚ್ಚಿ ಅದಕ್ಕೇ ಒರಗಿದಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ, ಅದನ್ನು ತಟ್ಟಿ ಬೀಳಿಸಿದ್ದು ಯಾರಿಗಾಗಿ ಅನ್ನ ಕಲೆಸಿದ್ದಳೋ ಅವಳೇ. ಹೊಡೆಯುವಷ್ಟು ಸಿಟ್ಟು ಬಂದಿತ್ತು, ಕಾಲು ಹಿಡಿಯುವಷ್ಟು ದುಃಖವೂ ಬಂದಿತ್ತು.

“ಯಾಕೇ ಹಿಂಗೆ ಮಾಡ್ದೆ? ನಿನಗೋಸ್ಕರ ಕಣೇ ನಾನು ಇಷ್ಟೆಲ್ಲಾ ಮಾಡಿದ್ದು. ಇನ್ನು ಅದೇ ಬೆಂಚಿಗೆ ಹೋಗ್ಬೇಕು ನೀನು, ಗೊತ್ತಾ?”

“ಗೊತ್ತು.” ದೊಡ್ಡವಳು ಕೈಗೆ ಮೆತ್ತಿದ್ದ ಹಿಟ್ಟೆಲ್ಲ ಲಂಗಕ್ಕೆ ಒರೆಸಿಕೊಂಡಳು. “ಅಲ್ಲಿ ಎಲ್ಲರೂ ನನ್ನನ್ನೇ ನೋಡಿ ನಗ್ತಿದ್ರು ಅಮ್ಮ. ಇಲ್ಲಿ ಇವಳನ್ನ ಯಾರೂ ನೋಡ್ಲೇ ಇಲ್ಲ.”

ಒಳಗೆ ಕೂಸು ಎದ್ದು ಅಳತೊಡಗಿತು, ಅವಳಿಗಳಲ್ಲಿ ಒಬ್ಬ ಲೋಟ ಉರುಳಿಸಿದ, ಮೇಷ್ಟ್ರು ಒರೆಸುವ ಬಟ್ಟೆ ಎಲ್ಲಿದೆ ಎಂದು ಕೂಗಿ ಕೇಳಿದ. ತಾಯಿ ಯಾವುದಕ್ಕೂ ಓಗೊಡದೆ ಹೋಗಿ ಗಿಣಿಯ ಪಕ್ಕ ನೆಲದ ಮೇಲೆ ಕೂತಳು. ಹರಿದ ಪುಟದಲ್ಲಿ ಉಳಿದಿದ್ದ ಮೊದಲ ಸಾಲಿನ ಮೊದಲ ಅಕ್ಷರದ ಮೇಲೆ ಬೆರಳಿಟ್ಟು, ಇದೇನು ಹೇಳು ಮಗಾ ಎಂದಳು.

ಗಿಣಿ ಪುಸ್ತಕ ನೋಡಲಿಲ್ಲ. ಅಮ್ಮನ ತುಟಿ ಯಾವ ಕಡೆ ತಿರುಗುತ್ತದೆಂದು ಕಾಯುತ್ತ, ಅವಳ ಮುಖವನ್ನೇ ನೋಡುತ್ತ ಕೂತಿತು.