ಚಾದರದಲ್ಲಿ ಬಿದ್ದ ನಿದ್ದೆ

ಇದರಲ್ಲಿ ಒಂದಕ್ಷರ ಸುಳ್ಳಿದ್ದರೆ ನನಗೆ ಬರಬೇಕಾದ ಪೆನ್ಶನ್ ನಮ್ಮ ಕಾಲೇಜಿನ ಬೆಕ್ಕಿಗೆ ಹೋಗಲಿ. ಅಕ್ಕಲಕೋಟ ರೋಡ್ ಸ್ಟೇಶನ್ನಿನ ಬೆಂಚಿನ ಮೇಲೆ ಕುಳಿತು ದುಧನಿಯ ಗಾಡಿ ಕಾಯುತ್ತಿದ್ದ ಹಳೆಯ ಪರಿಚಯದ ಕಾಮಣ್ಣನಿಗೂ ಇದೇ ಆಣೆ ಇಟ್ಟು ಹೇಳಿದೆ.

"ಆ ಬೆಕ್ಕು ಇನ್ನೂ ಐತೇನ್ರಿ, ಕಾರಕೂನ್ರ?" ಎಂದ.

"ಐತಿ. ಅದಕ್ಕs ಖರೇ ಹೇಳಾಕತ್ತೀನಿ."

ನಾನು ಸೊಲ್ಲಾಪುರದ ಒಂದು ಕಾಲೇಜಿನ ಆಫೀಸಿನಲ್ಲಿ ಕಾರಕೂನ. ಎಪ್ಪತ್ನಾಲ್ಕರ ಬೇಸಿಗೆಯಲ್ಲಿ ನಮ್ಮ ವಿದ್ಯಾರ್ಥಿ ಪಂಢರಿನಾಥನ ಮೆದುಳಿನಲ್ಲಿ ಗಡ್ಡೆ ಬೆಳೆದಿದೆ ಎಂದು ಮುಂಬಯಿಯ ಡಾಕ್ಟರರು ಹೇಳಿದರು. ಆಪರೇಷನ್ನಿಗೆ ದಿನವೂ ಗೊತ್ತಾಯಿತು. ಇಂಥ ಗಡ್ಡೆ ಯಾಕೆ ಬೆಳೆಯುತ್ತದೆ ಎಂದು ಹುಡುಗ ಕೇಳಿದ್ದಕ್ಕೆ, "ಯಾರಿಗೂ ಗೊತ್ತಿಲ್ಲಪ್ಪ, ಹುಡುಕುತ್ತಿದ್ದೇವೆ, ಹುಡುಕುವುದಕ್ಕೆ ಒಂದು ಒಳ್ಳೆಯ ಮೈಕ್ರೋಸ್ಕೋಪೂ ಇಲ್ಲ" ಎಂದರಂತೆ. ತಲೆನೋವಿಗೆ ಅವನ ನಿದ್ದೆ ಹಾರಿಹೋಗಿತ್ತು. ಕಣ್ತುಂಬ ಮಲಗಿ ಸುಧಾರಿಸಿಕೊಂಡು ಬಾ, ಇಲ್ಲದಿದ್ದರೆ ನಿನ್ನ ಮೈ ಆಪರೇಷನ್ ತಾಳುವುದಿಲ್ಲ ಎಂದು ಊರಿಗೆ ಕಳಿಸಿದ್ದರು.

ಅಕ್ಕಲಕೋಟದ ಮನೆಗೆ ನೋಡಲು ಹೋದ ಗೆಳೆಯರಿಗೆ ಪಂಢರಿ ಹೇಳಿದ್ದು ಒಂದೇ ಮಾತು. "ನಂದು ಹೆಂಗರ ಆಗ್ತದ. ನನ್ನ ಹಿಂದ ಬರೋವ್ರಿಗೆ ಆ ಮಿಷನ್ ಕೊಡಸ್ರಿ."

ಗುರುರಾಜ, ಗೋಪಿಕಾ ಇಬ್ಬರೂ ಅವನ ವರ್ಗದವರು. ಆ ಮೈಕ್ರೋಸ್ಕೋಪಿಗೆಂದು ಕೂಡಿಸುವ ಫಂಡಿಗೆ ಅವರೇ ಮುಂದಾಳುಗಳು, ನಾನು ಖಜಾಂಚಿ. ಊರಿಗೆ ಬೆಂಕಿ ಬಿದ್ದಾಗ, ಹೊಳೆ ಬಂದಾಗ ನಮ್ಮಲ್ಲಿ ಹೇಗೆ ಕೂಡಿಸುತ್ತಾರೋ ಹಾಗೆಯೇ ಸೊಲ್ಲಾಪುರದ ಪೇಟೆಯಲ್ಲಿ ಹೊರಟೆವು. ನಾಲ್ವರು ಹುಡುಗರು ಒಂದು ಚಾದರದ ನಾಲ್ಕು ಮೂಲೆ ಹಿಡಿದು ಬೀದಿಯ ನಡುವೆ ನಡೆಯುವುದು, ಮಂದಿ ಕಟ್ಟೆಯಿಂದ, ಮಾಳಿಗೆಯಿಂದ ಹಾಕಿದ್ದನ್ನು ಹಿಡಿಯುವುದು.

ಅವತ್ತು ಬಿಸಿಲಿಗೆ ಕಾಗೆಗಳೂ ನಡೆದುಕೊಂಡೇ ಹೋಗುತ್ತಿದ್ದವು. ಬೇವಿನ ನೆರಳಲ್ಲಿ ಕಾಯಿಪಲ್ಯ ಮಾರುವ ಸುಗಲಾಬಾಯಿ ನಮ್ಮನ್ನು ನಿಲ್ಲಿಸಿದಳು.

"ನನ್ನ ಹಂತ್ಯಾಕ ರೊಕ್ಕ ಇಲ್ಲ ಯವ್ವಾ. ಮಧ್ಯಾನದ ನಿದ್ದಿ ಒಂದೈತಿ. ಅದನ್ನs ಹಾಕ್ತೀನಿ, ತೊಗೊ."

ಕಣ್ಣ ಮೇಲಿಂದ ಅಂಗೈ ಸವರಿ, ಹಿಟ್ಟು ಕೊಡವಿದಂತೆ ಚಾದರದೊಳಗೆ ಕೊಡವಿದಳು. ಚಾದರ ತುಸು ಜೋತಿತು. ಗಾಳಿ ಇರಲಿಲ್ಲ. ಗೋಪಿಕಾಳ ಜಡೆಯಲ್ಲಿದ್ದ ಮಲ್ಲಿಗೆ ಮೆಲ್ಲಗೆ ಮುಚ್ಚಿಕೊಂಡು ಮತ್ತೆ ಮೊಗ್ಗಾಯಿತು.

ಇದನ್ನು ಬೆಲ್ಲದ ವ್ಯಾಪಾರಿ ಸಿದ್ದಣ್ಣ ನೋಡಿದ. ಅವನದೂ ಅಂಗಡಿ ಮುಚ್ಚಿ ಅಡ್ಡಾಗುವ ಹೊತ್ತು.

"ನಿದ್ದಿ ನಡೀತದೇನ್ರಿ? ಫುಕಟ ಆತಲ್ಲ! ನಂದೂ ಹಾಕ್ಕೊರಿ. ಏ, ಬಾಜೂದವ್ರನ್ನೂ ಕರೀರಿ!"

ನೋಡುನೋಡುತ್ತ ಇಡೀ ಪೇಟೆ ಸಾಲುಹಚ್ಚಿತು. ರೊಕ್ಕ ಕೇಳಿದರೆ ಲಕ್ವಾ ಹೊಡೆಯುವ ಕೈಗಳೆಲ್ಲ ಧಾರಾಳವಾಗಿ ಕಣ್ಣು ಸವರಿ ಕೊಡವಿದವು. ನಿದ್ದೆ ಬಿಟ್ಟಿ ಸಿಗುವ ಮಾಲು, ಎಷ್ಟು ಕೊಟ್ಟರೂ ತೀರದು ಎಂದು ಅವರ ಲೆಕ್ಕ. ಊಟ ಮುಗಿಸಿ ಎಡಮಗ್ಗುಲಿಗೆ ಹೊರಳಿದ ಮೇಲೆ ಗೊತ್ತಾಯಿತು. ಒಬ್ಬರಿಗೂ ಕಣ್ಣು ಹತ್ತಲಿಲ್ಲ. ಎದ್ದು ಅಂಗಡಿ ತೆರೆದರು, ಗಿರಾಕಿ ಇಲ್ಲ. ಸುಡುವ ಬೀದಿಯ ಎರಡೂ ಬದಿಗೆ ಕುಳಿತು ಒಬ್ಬರ ಮುಖ ಒಬ್ಬರು ನೋಡಿದರು.

ನೂಲಿನ ವ್ಯಾಪಾರಿ ಸಾತಲಿಂಗಪ್ಪ ಸಾವಕಾರರು ಮಾತ್ರ ಏನೂ ಹಾಕಿರಲಿಲ್ಲ. ಅವರ ಹತ್ತಿರ ರೊಕ್ಕವಿತ್ತು, ನಿದ್ದೆ ಇರಲಿಲ್ಲ. ವರ್ಷಗಟ್ಟಲೆ ಇರಲಿಲ್ಲ. ನಮ್ಮ ಹಿಂದೆಯೇ ಕಾಲೇಜಿಗೆ ಬಂದರು.

"ಈ ಚಾದರ ನನಗ ಕೊಡ್ರಿ. ನಿಮ್ಮ ಮಿಷನ್ ನಾ ಕೊಡಸ್ತೀನಿ."

"ಇಲ್ರಿ," ಎಂದ ಗುರುರಾಜ. "ಇದು ಪಂಢರಿಗೆ ಬೇಕು. ಅವ ಮಲಗಬೇಕಾಗ್ಯದ."

ಗೋಪಿಕಾ ಅವನ ತೋಳು ಜಗ್ಗಿದಳು. "ಮಂದಿ ಹಾಕಿದ್ದು ಯಾತಕ್ಕ? ಸಂಶೋಧನಾಕ್ಕ. ನಿನ್ನ ದೋಸ್ತಗಲ್ಲ."

"ದೋಸ್ತ ಹೋದಮ್ಯಾಲ ಮಿಷನ್ ಹಚ್ಚಿ ಏನ್ ನೋಡ್ತೀ?"

"ಅವನs ಕೇಳಿದ್ದಲ್ಲೋ, ಹಿಂದ ಬರೋವ್ರಿಗೆ ಅಂತ! ನನಗ ಮಾತ್ರ ಜೀವ ಸುಡಂಗಿಲ್ಲೇನು?"

ಇಬ್ಬರ ಕಣ್ಣಲ್ಲೂ ನೀರು. ಕೊನೆಗೆ, ಪಂಢರಿಯನ್ನೇ ಕೇಳೋಣ, ಅವನು ಹೇಳಿದಂತೆ ಆಗಲಿ ಎಂದು ಚಾದರವನ್ನು ಗಂಟು ಕಟ್ಟಿ ರೈಲು ಹತ್ತಿದೆವು. ಸಾವಕಾರರೂ ಬಂದರು, ಆದರೆ ಬೇರೆ ಡಬ್ಬಿಯಲ್ಲಿ ಕುಳಿತರು. ದರ ಕುದುರದ ಮಾಲಿನ ಹತ್ತಿರ ಕೂಡ್ರಬಾರದು ಎಂಬುದು ಅವರ ಮನೆತನದ ಪದ್ಧತಿ.

ದಾರಿಯಲ್ಲಿ ಗಂಟು ಸಡಿಲಾಯಿತು. ನಮ್ಮ ಡಬ್ಬಿ ಪೂರ್ತಿ ಮಲಗಿತು. ಶೇಂಗಾ ಮಾರುವವನ ಕೈಯಿಂದ ಬಿದ್ದ ಶೇಂಗಾಗಳು ನೆಲ ಮುಟ್ಟಲು ಒಂದು ಸ್ಟೇಶನ್ ಹಿಡಿಯಿತು. ನಾವು ಇಳಿಯುವ ಊರು ಹಿಂದೆ ಉಳಿಯಿತು. ಎಚ್ಚರವಾದದ್ದು ದುಧನಿಯಲ್ಲಿ.

"ನಾ ದುಧನಿಯಾಂವ ಅದೀನ್ರಿ," ಎಂದ ಕಾಮಣ್ಣ. "ಇಂಥಾದ್ದೊಂದು ಗಾಡಿ ನಾ ನೋಡೇ ಇಲ್ಲ."

"ಹೆಂಗ ನೋಡ್ತೀಯೋ? ಆವಾಗ ನೀನೂ ಮಲಗಿದ್ದಿ."

ಲಾರಿ ಹಿಡಿದು ಮರಳಿ ಅಕ್ಕಲಕೋಟಕ್ಕೆ ಬರುವಷ್ಟರಲ್ಲಿ ಸಾವಕಾರರು ಪಂಢರಿಯ ಮನೆಯಲ್ಲಿ ಚಹಾ ಕುಡಿದು ಕುಳಿತಿದ್ದರು. ಪಂಢರಿ ಹೊರಸಿನ ಮೇಲೆ, ಕಣ್ಣಿಗೆ ಹಸಿ ಅರಿವೆ ಕಟ್ಟಿಕೊಂಡು ಗೋಡೆಗೆ ಒರಗಿದ್ದ. ಗುರುರಾಜನ ಮಾತೂ ಕೇಳಿದ, ಗೋಪಿಕಾಳ ಮಾತೂ ಕೇಳಿದ.

"ಸಾವಕಾರ್ರಿಗೆ ಕೊಡ್ರಿ," ಎಂದ. "ನಾ ಒಬ್ಬವ ಇದ್ದೀನಿ. ಹಿಂದ ಬರೋವ್ರು ಭಾಳ ಮಂದಿ ಇರ್ತಾರ."

ಗುರುರಾಜ ಹೊರಗೆ ಹೋಗಿ ತುಳಸಿಕಟ್ಟೆಯ ಹತ್ತಿರ ನಿಂತುಬಿಟ್ಟ. ಗೋಪಿಕಾ ಗೆದ್ದಿದ್ದಳು, ಅವಳ ಮುಖ ನೋಡುವಂತಿರಲಿಲ್ಲ. ಸಾವಕಾರರು ಗಂಟಿಗೆ ಕೈ ಚಾಚಿದರು.

ಆಗ ಪಂಢರಿಯ ತಾಯಿ ವೇಣೂಬಾಯಿ ಸೆರಗು ಸರಿಮಾಡಿಕೊಳ್ಳುತ್ತ ಒಳಗಿಂದ ಬಂದರು.

"ಸಾವಕಾರ್ರ, ನಮೂನಿ ನೋಡದs ಮಾಲು ತೊಗೊಳ್ಳೋದು ನಿಮ್ಮ ಪೇಟಿಯೊಳಗ ಯಾವಾಗಿಂದ ಸುರು ಆತ್ರಿ?"

ಸಾವಕಾರರ ಕೈ ಅಲ್ಲೇ ನಿಂತಿತು. ನೂಲಿನ ಒಂದೊಂದು ಗಂಟಿನಿಂದಲೂ ಎಳೆ ಜಗ್ಗಿ, ಹರಿದು, ನಾಲಿಗೆಗೆ ಹಚ್ಚಿ ನೋಡಿ ಕೊಳ್ಳುವ ಮನುಷ್ಯ. ನಾಲ್ಕು ಜನರೆದುರು ಅಂಥ ಮಾತು ಕೇಳಿಸಿಕೊಂಡಿರಲಿಲ್ಲ.

"ನೋಡಬೇಕ್ರೆವಾ. ನೋಡದs ಹೆಂಗ? ಆದ್ರ ಯಾರ ಮ್ಯಾಲ ನೋಡೂದು?"

ವೇಣೂಬಾಯಿ ಗಂಟು ಬಿಚ್ಚಿ ಚಾದರವನ್ನು ಮಗನ ಮೇಲೆ ಹರಡಿದರು.

ಪಂಢರಿಯ ಬಿಗಿದ ಹುಬ್ಬುಗಳು ಸಡಿಲಾದವು. ಬೆರಳುಗಳು ಬಿಚ್ಚಿಕೊಂಡವು. ತಾಯಿಯ ಕೈ ಹಿಡಿದು ಏನೋ ಹೇಳಹೊರಟವನು ಹೇಳುವ ಮುಂಚೆಯೇ ಹೊರಟುಹೋದ. ಎಲ್ಲಿಗೆ ಎಂದು ಆಮೇಲೆ ಅವನೇ ಹೇಳಿದ. ಮೊದಲು ಸುಗಲಾಬಾಯಿಯ ನಿದ್ದೆ ಸಿಕ್ಕಿತಂತೆ. ಅದರೊಳಗೆ ಅವಳ ತವರಿನ ಬಾವಿ, ಮೆಟ್ಟಿಲ ಮೇಲೆ ಹಸಿರು ನೆರಳು, ಯಾರೋ ಎಣ್ಣೆ ಹಚ್ಚಿ ತಲೆ ಬಾಚುತ್ತಿದ್ದರು, ನೋವು ಬಾಚಣಿಕೆಗೆ ಹತ್ತಿ ಬರುತ್ತಿತ್ತು. ಬಾವಿಯ ತಳದಲ್ಲಿ ಒಂದು ಬಾಗಿಲು. ಅದನ್ನು ದಾಟಿದರೆ ಸಿದ್ದಣ್ಣನ ನಿದ್ದೆ. ಅಲ್ಲಿ ಬೆಲ್ಲ ಕರಗಿ ಹೊಳೆಯಾಗಿತ್ತು, ಇರುವೆಗಳು ದೋಣಿಯಲ್ಲಿ ಕುಳಿತು ಗಲಾಟೆಯಿಲ್ಲದೆ ದಾಟುತ್ತಿದ್ದವು. ಹೀಗೆ ಒಂದು ನಿದ್ದೆಯಿಂದ ಇನ್ನೊಂದಕ್ಕೆ, ಪೇಟೆಯ ಓಣಿಯಲ್ಲಿ ನಡೆದಂತೆ ನಡೆದನಂತೆ. ಎಲ್ಲರೂ ಕಟ್ಟೆಯ ಮೇಲಿಂದ, "ಬಾರಪಾ, ಕುಂಡ್ರು" ಎನ್ನುತ್ತಿದ್ದರಂತೆ.

ನಮೂನೆ ಮುಗಿಯುವ ತನಕ ಕೊಳ್ಳುವವನು ಎದ್ದುಹೋಗುವಂತಿಲ್ಲ. ಸಾವಕಾರರು ಹೊರಸಿನ ಪಕ್ಕ ಕುಳಿತರು. ಹುಡುಗನ ಮುಖದ ಮೇಲೆ ನೊಣ ಕೂತಿತು. ಓಡಿಸಿದರು. ಮತ್ತೆ ಕೂತಿತು. ಬೀಸಣಿಕೆ ತೆಗೆದುಕೊಂಡರು. ಸ್ವಂತ ಮಕ್ಕಳಿಗೂ ಗಾಳಿ ಹಾಕಿದವರಲ್ಲ, ಕೈಗೆ ರೂಢಿ ಇರಲಿಲ್ಲ. ಮೆಲ್ಲಮೆಲ್ಲಗೆ ಬೀಸುವುದಕ್ಕೂ ಹುಡುಗನ ಉಸಿರಿಗೂ ಲಯ ಕೂಡಿತು. ವೇಣೂಬಾಯಿ ದೀಪ ಹಚ್ಚಲು ಬಂದಾಗ ಸಾವಕಾರರು ಗೋಡೆಗೆ ತಲೆ ಕೊಟ್ಟು ಮಲಗಿದ್ದರು. ಚಾದರದ ಅಂಚೂ ಅವರಿಗೆ ತಾಗಿರಲಿಲ್ಲ. ಅದು ಅವರದೇ ನಿದ್ದೆ. ಬೀಸಣಿಕೆ ಮಾತ್ರ ಬೀಸುತ್ತಲೇ ಇತ್ತು.

ಎಚ್ಚರವಾದ ಮೇಲೆ ಬಾಯಿ ಒರೆಸಿಕೊಂಡು ಪಂಢರಿಯನ್ನು ಬಹಳ ಹೊತ್ತು ನೋಡಿದರು.

"ಪಸಂದ ಬಿತ್ತೇನ್ರಿ?" ಎಂದಳು ಗೋಪಿಕಾ, ಹೆದರುತ್ತ.

"ಮೆಲ್ಲಕ ಮಾತಾಡವ್ವ, ಎಚ್ಚರ ಆದೀತು. ನಮೂನಿ ಒಪ್ಪಿಗಿ ಆತು. ಮಾಲು ಎಲ್ಲೈತಿ ಅಲ್ಲೇ ಇರ್ಲಿ. ಮಿಷನ್ ನಾ ಕಳಸ್ತೀನಿ."

ಕಳಿಸಿದರು ಕೂಡ. ಪಂಢರಿ ಮುಂಬಯಿಗೆ ಹೋದ, ಆಪರೇಷನ್ ತಾಳಿಕೊಂಡ, ತಿರುಗಿ ಬಂದ. ಎಡಗೈ ತುಸು ಮಂದ, ಅಷ್ಟೇ. ಡಾಕ್ಟರರು ಆ ಮೈಕ್ರೋಸ್ಕೋಪಿನಲ್ಲಿ ಇನ್ನೂ ಹುಡುಕುತ್ತಿದ್ದಾರೆ.

"ಮತ್ತ ಸಾವಕಾರ್ರು?" ಎಂದ ಕಾಮಣ್ಣ.

"ಅವ್ರಾ? ಅವತ್ತಿಂದ ಎಲ್ಲಿ ಕುಂತ್ರೂ ನಿದ್ದಿ. ಹ್ವಾದ ವಾರ ಅಂಗಡ್ಯಾಗ ಮಲಗಿದ್ರಪಾ, ಅವರ ಗೊರಕಿಗೆ ನೂಲಿನ ಉಂಡಿ ಬಿಚ್ಚಿಕೊಂಡು, ರಸ್ತಾ ದಾಟಿ, ಎರಡು ಹಳ್ಳ ಹಾದು, ವಾಗದರಿ ತನಕ ಹೋಗಿ, ಅಲ್ಲಿ ಒಂದು ಎಮ್ಮಿ ಕೊಂಬಿಗೆ—"

ಕಾಮಣ್ಣ ಚೀಲ ಹೆಗಲಿಗೇರಿಸಿ, ಪ್ಲಾಟ್‌ಫಾರಮ್ಮಿನ ಆ ತುದಿಗೆ ನಡೆದುಬಿಟ್ಟ.